ಹಿಂದಿನ ಎಡಬಾಗಿಲು

ಎಲ್ ಆಲ್ತೋ ಊರಿನ ಆ ಬೀದಿಯಲ್ಲಿ ಓದು ಬಲ್ಲವರು ಬೇಕಾದಷ್ಟು ಜನರಿದ್ದರು. ಆದರೆ ಒಂದು ಕಾಗದವನ್ನು ಮೊದಲಿನಿಂದ ಕಡೆಯವರೆಗೆ ಓದುವವನು ಒಬ್ಬನೇ. ಅವನೇ ಇಲಾರಿಯೋನ್ ಟಿಕೋನಾ, ಊರಿನ ಮರ್ಯಾದೆಯಂತೆ 'ದೊನ್' ಇಲಾರಿಯೋನ್ (ಹೆಂಗಸಾದರೆ 'ದೋನ್ಯ'). ನಗರಸಭೆಯಲ್ಲಿ ಇಪ್ಪತ್ತಾರು ವರ್ಷ ಮುದ್ರೆ ಒತ್ತುವ ಗುಮಾಸ್ತನಾಗಿದ್ದವನು. ಮುದ್ರೆ ಒತ್ತುವವನು ಕಾಗದ ಓದಬೇಕೆಂಬ ನಿಯಮ ಯಾವ ದೇಶದಲ್ಲೂ ಇಲ್ಲ. ಇಲಾರಿಯೋನ್ ಮಾತ್ರ ಓದುತ್ತಿದ್ದ. ಅವನ ಮೇಜಿನ ಮುಂದಿನ ಸಾಲು ಮೆಟ್ಟಿಲಿಳಿದು, ಬಾಗಿಲು ದಾಟಿ, ಚೌಕದ ಕಾರಂಜಿಯವರೆಗೂ ಬೆಳೆಯುತ್ತಿತ್ತು. ಅವನು ನಿವೃತ್ತನಾದ ದಿನ ನಗರಸಭೆಯವರು ಅವನಿಗೆ ಶಾಲು ಹೊದಿಸಿದ್ದು ನಿಜವಾದ ಸಂತೋಷದಿಂದಲೇ.

ನಿವೃತ್ತಿಯ ನಂತರ ಬೀದಿಯ ಜನವೆಲ್ಲ ಸಂಜೆಯಾದರೆ ಅವನ ಮನೆಗೆ ಬರತೊಡಗಿದರು. ಶಾಲೆಯ ನೋಟೀಸು, ವಿದ್ಯುತ್ ಕಚೇರಿಯ ಪತ್ರ, ಬಾಡಿಗೆ ಕರಾರು, ಎಲ್ಲವೂ ಬರುತ್ತಿದ್ದವು. ಇಲಾರಿಯೋನ್ ಕನ್ನಡಕ ಏರಿಸಿ, ತಲೆಯ ಮೇಲಿನ ಲಾಂಛನದಿಂದ ಹಿಡಿದು ತಳದಲ್ಲಿ ಮುದ್ರಿಸಿದ ಛಾಪಖಾನೆಯ ವಿಳಾಸದ ತನಕ ಓದಿ, ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಸಹಿ ಹಾಕೋಕ್ ಮುಂಚೆ ಒಂದ್ ಸಲ ನೋಡ್ಬಾರ್ದಿತ್ತಾ?" ಈ ಮಾತು ಹೇಳುವಾಗ ಅವನ ಮುಖದ ಮೇಲೆ ಬರುತ್ತಿದ್ದ ಕಳೆ ಅವನ ಮದುವೆಯ ಫೋಟೋದಲ್ಲೂ ಇರಲಿಲ್ಲ.

ಇಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಕಾರು ಕೊಂಡ. ಬಿಳಿಯ ಬಣ್ಣದ್ದು, ನಾಲ್ಕು ಬಾಗಿಲಿನದು. ಬೀದಿಯಲ್ಲಿ ಅದುವರೆಗೆ ಬಂದ ಗಾಡಿಗಳೆಲ್ಲ ಎರಡನೆಯ, ಮೂರನೆಯ, ಕೆಲವು ಆರನೆಯ ಕೈಯವು. ಅವನ ಹೆಂಡತಿಯ ತಮ್ಮ ಕ್ರಿಸ್ಪಿನನ ಆಲೂಗಡ್ಡೆ ಲಾರಿ ಎಷ್ಟನೆಯ ಕೈಯದೆಂದು ಲಾರಿಗೇ ಮರೆತುಹೋಗಿತ್ತು. ಹೀಗಾಗಿ ಕಾರು ತರುವ ದಿನ ಬೀದಿಯಲ್ಲಿ ಹಬ್ಬದ ವಾತಾವರಣ.

ಮಾರಾಟದ ಅಂಗಡಿಯ ಮ್ಯಾನೇಜರು ವಾಲ್ದೋ ಪೆದ್ರಾಸಾ. ಪದವಿ ಪಡೆದವರನ್ನೆಲ್ಲ ಅಲ್ಲಿ 'ಲಿಸೆನ್ಸಿಯಾದೋ' ಎಂದು ಕರೆಯಬೇಕು. ಪದವಿ ಇಲ್ಲದವರನ್ನೂ ಟೈ ಕಟ್ಟಿದ್ದರೆ ಹಾಗೆಯೇ ಕರೆಯುವುದು ಕ್ಷೇಮ. ಲಿಸೆನ್ಸಿಯಾದೋ ಪೆದ್ರಾಸಾ ಹದಿನಾಲ್ಕು ಪುಟದ ಕರಾರನ್ನು ಮುಂದಿಟ್ಟರು. ಇಲಾರಿಯೋನ್ ಒಂದೂಕಾಲು ಗಂಟೆ ಓದಿದ. ಒಂಬತ್ತನೆಯ ಪುಟ ಎರಡು ಸಲ ಬಂದಿದೆ, ಹತ್ತನೆಯದು ಇಲ್ಲವೇ ಇಲ್ಲ ಎಂದು ಕಂಡುಹಿಡಿದ. ಪೆದ್ರಾಸಾ ಎದ್ದು ನಿಂತು ಕೈಕುಲುಕಿದರು. "ನಿಮ್ಮಂಥ ಗಿರಾಕಿ ಸಿಗೋದು ನಮ್ಮ ಪುಣ್ಯ" ಎಂದರು. ಇಲಾರಿಯೋನ್ ಉಬ್ಬಿಹೋದ. ಆ ಉಬ್ಬಿನಲ್ಲೇ ಕಡೆಯ ಪುಟಕ್ಕೆ ಸಹಿ ಹಾಕಿದ. ಆ ಪುಟದಲ್ಲಿ ಹೀಗೆ ಬರೆದಿತ್ತು: 'ವಾಹನವನ್ನು ಸುತ್ತಲೂ ಪರೀಕ್ಷಿಸಿ, ಯಾವ ದೋಷವೂ ಇಲ್ಲದೆ ಪಡೆದಿದ್ದೇನೆ.'

ಇದನ್ನೂ ಅವನು ಓದಿದ್ದ, ಅದರಲ್ಲಿ ಸಂಶಯ ಬೇಡ. ಎರಡು ಸಲ ಓದಿದ್ದ. ಕಾರನ್ನು ಮಾತ್ರ ನೋಡಿರಲಿಲ್ಲ.

ನೋಡಲು ಅಲ್ಲಿ ಕಾಣುವಂಥದ್ದಾದರೂ ಏನಿತ್ತು? ಹೊಸ ಗಾಡಿಯನ್ನು ಬರಿಮೈಯಲ್ಲಿ ಮನೆಗೆ ತರುವುದುಂಟೇ? ದೃಷ್ಟಿಯಾಗುವುದಿಲ್ಲವೇ? ಅವನ ಹೆಂಡತಿ ಸಬೀನಾ ಬೆಳಿಗ್ಗೆಯೇ ಹೂವಿನ ಮಾಲೆ, ಬಣ್ಣದ ಕಾಗದದ ಸುರುಳಿಗಳನ್ನು ತಂದು ಕಾರನ್ನು ಮುಚ್ಚಿಬಿಟ್ಟಿದ್ದಳು. ಅಂಗಡಿಯವರೂ ತಮ್ಮ ಕಡೆಯಿಂದ ಮೊರದಗಲದ ಒಂದು ನೀಲಿ ರಿಬ್ಬನ್ ಗಂಟು ಅಂಟಿಸಿದ್ದರು. ಎಲ್ಲರ ಕಾರಿಗೂ ಅದು ಮುಂದುಗಡೆ ಇರುತ್ತದೆ. ಇವನ ಕಾರಿಗೆ ಹಿಂದಿನ ಎಡಬಾಗಿಲಿನ ಮೇಲಿತ್ತು. ಏಕೆಂದು ಯಾರೂ ಕೇಳಲಿಲ್ಲ.

ಇಲಾರಿಯೋನ್ ಕಾರನ್ನು ಮನೆಗೆ ತಂದ ವೇಗ ಎಷ್ಟೆಂದರೆ, ಹಿಂದೆ ಬರುತ್ತಿದ್ದ ಬಸ್ಸಿನ ಪ್ರಯಾಣಿಕರಲ್ಲಿ ಇಬ್ಬರು ಇಳಿದು ನಡೆದುಕೊಂಡೇ ಮುಂದೆ ಹೋದರು. ಬೀದಿಯ ಜನ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಬ್ರೆಡ್ಡು ಮಾರುವ ದೋನ್ಯ ಎಫ್ರಾಸಿಯಾ ಕಾರಿನ ಮೂತಿಗೆ ಮುತ್ತಿಟ್ಟಳು. ಕ್ರಿಸ್ಪಿನ್ ಕಾರನ್ನು ಒಂದು ಸುತ್ತು ಹಾಕಿ ರಿಬ್ಬನ್ ಗಂಟಿನ ಮುಂದೆ ನಿಂತ.

"ಭಾವ, ಈ ಗಂಟು ನನಗಿರ್ಲಿ. ನನ್ನ ಲಾರಿ ಕನ್ನಡಿಗೆ ಕಟ್ತೀನಿ."

"ತಗೋಪ್ಪ, ಧಾರಾಳವಾಗಿ ತಗೋ" ಎಂದ ಇಲಾರಿಯೋನ್, ದೊಡ್ಡ ಮನಸ್ಸಿನಿಂದ.

ಕ್ರಿಸ್ಪಿನ್ ಗಂಟನ್ನು ಕಿತ್ತ. ಅದರ ಹಿಂದೆ ಬಾಗಿಲಿನ ತಗಡು ಒಂದು ಅಂಗೈಯಷ್ಟು ಒಳಗೆ ಹೋಗಿತ್ತು. ಚಪ್ಪಾಳೆ ನಿಂತಿತು.

"ಏನ್ ಭಾವ ಇದು? ಎಲ್ಲಿ ಗುದ್ದಿದ್ರಿ?"

"ಗುದ್ದೋದಾ? ನಾನಾ? ಬರುವಾಗ್ಲೇ ಹೀಗಿತ್ತು ಕಣೋ!"

"ಸರಿ ಸರಿ. ನನ್ನ ಲಾರೀನೂ ಬರುವಾಗ್ಲೇ ಹಾಗಿತ್ತು" ಎಂದ ಕ್ರಿಸ್ಪಿನ್. ಅವನ ಲಾರಿಯ ಎಡಮಗ್ಗುಲೇ ಇರಲಿಲ್ಲ. ಜನ ಗೊಳ್ಳೆಂದು ನಕ್ಕರು.

ಎಫ್ರಾಸಿಯಾ ಮಾತ್ರ ನಗಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಬರುವಾಗ್ಲೇ ಹೀಗಿದ್ರೆ ನೀವು ಯಾಕೆ ತಗೊಂಡ್ರಿ, ದೊನ್ ಇಲಾರಿಯೋನ್? ಸಹಿ ಹಾಕೋಕ್ ಮುಂಚೆ ಒಂದ್ ಸಲ ನೋಡ್ಬಾರ್ದಿತ್ತಾ?"

ಇಲಾರಿಯೋನನ ಸಂಕಟ ಓದುಗರಿಗೆ ಈಗ ತಿಳಿದಿರಬೇಕು. ಬಾಗಿಲು ಬರುವಾಗಲೇ ನೆಗ್ಗಿತ್ತು ಎಂದರೆ, ಅವನು ನೋಡದೆ ಸಹಿ ಹಾಕಿದ ಹಾಗಾಯಿತು. ದಾರಿಯಲ್ಲಿ ಗುದ್ದಿದೆ ಎಂದರೆ, ಓಡಿಸಲು ಬಾರದವನು ಕಾರು ಕೊಂಡ ಹಾಗಾಯಿತು. ಒಂದು ಕಡೆ ಮಾನ, ಇನ್ನೊಂದು ಕಡೆಯೂ ಮಾನ. ಅವನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಅಂದು ಸಂಜೆ ಅವನ ಮನೆಗೆ ಯಾರೂ ಕಾಗದ ತರಲಿಲ್ಲ. ಮರುದಿನವೂ ತರಲಿಲ್ಲ.

ಮೂರನೆಯ ದಿನ ಇಲಾರಿಯೋನ್ ಕೋಟು ತೊಟ್ಟು, ಕರಾರನ್ನು ಕಂಕುಳಲ್ಲಿಟ್ಟುಕೊಂಡು ಪೆದ್ರಾಸಾ ಮುಂದೆ ಹೋಗಿ ಕುಳಿತ.

"ಲಿಸೆನ್ಸಿಯಾದೋ, ನಿಮ್ಮ ಕಾರು ನೆಗ್ಗಿದೆ."

"ನಮ್ಮ ಕಾರಾ?" ಪೆದ್ರಾಸಾ ಸುತ್ತ ನೋಡಿದರು. "ಇಲ್ಲಿರೋದು ಯಾವುದೂ ನೆಗ್ಗಿಲ್ವಲ್ಲ?"

"ನನಗೆ ಕೊಟ್ಟಿದ್ದು."

"ಹಾಗಾದ್ರೆ ಅದು ನಿಮ್ಮ ಕಾರು, ದೊನ್ ಇಲಾರಿಯೋನ್. ಇಗೋ, ಇಲ್ಲೇ ಬರೆದಿದೆ: ಸುತ್ತಲೂ ಪರೀಕ್ಷಿಸಿ. ಸಹಿ ಎಷ್ಟ್ ಚೆನ್ನಾಗಿ ಹಾಕಿದ್ದೀರಿ! ಬೇರೆಯವರು ಆಗಿದ್ರೆ ಓದ್ಲಿಲ್ಲ ಅಂತ ಹೇಳ್ಬಹುದಿತ್ತು. ನೀವು ಹೇಗ್ ಹೇಳ್ತೀರಿ? ಒಂಬತ್ತನೇ ಪುಟ ಎರಡು ಸಲ ಬಂದಿದ್ದನ್ನೂ ಬಿಡಲಿಲ್ಲ ನೀವು."

"ಬಾಗಿಲ ಮೇಲೆ ನಿಮ್ಮ ರಿಬ್ಬನ್ ಇತ್ತು!"

"ಇತ್ತು. ಅದು ಪ್ರೀತಿಯಿಂದ ಕೊಟ್ಟಿದ್ದು, ಅದಕ್ಕೆ ನಾವು ಏನೂ ತಗೊಳ್ಳೋದಿಲ್ಲ" ಎಂದು ಪೆದ್ರಾಸಾ ಕಾಫಿ ತರಿಸಿದರು. ಕಾಫಿ ಬಹಳ ಚೆನ್ನಾಗಿತ್ತು. ಇಲಾರಿಯೋನ್ ಕುಡಿದು, ಧನ್ಯವಾದ ಹೇಳಿ, ಹೊರಗೆ ಬಂದು, ರಸ್ತೆಯ ಮೇಲೆ ನಿಂತಾಗ ತಾನು ಜಗಳವಾಡಲು ಬಂದಿದ್ದೆನೆಂದು ನೆನಪಾಯಿತು.

ಅಲ್ಲಿಂದ ನೇರವಾಗಿ ಬಳಕೆದಾರರ ದೂರಿನ ಕಚೇರಿಗೆ ಹೋದ. ಅಲ್ಲಿದ್ದ ಅಧಿಕಾರಿ ದೋನ್ಯ ಇರ್ಮಾ ಕುಳ್ಳಗಿನ, ದಪ್ಪ ಸ್ವೆಟರಿನ ಹೆಂಗಸು. ಮೇಜಿನ ಕೆಳಗೆ ಕಾಲಿಗೆ ಬಿಸಿ ನೀರಿನ ಚೀಲ ಇಟ್ಟುಕೊಂಡಿದ್ದಳು. ಕಥೆಯನ್ನೆಲ್ಲ ಕೇಳಿ, ಬೆರಳು ಎಣಿಸಲು ಶುರುಮಾಡಿದಳು.

"ನೋಡಿ ಸ್ವಾಮಿ, ಹೊಸ ಸಾಮಾನು ಕೆಟ್ಟು ಬಂದ್ರೆ ನಿಮಗೆ ಮೂರು ದಾರಿ. ಒಂದು, ಅವರ ಖರ್ಚಲ್ಲೇ ರಿಪೇರಿ. ಎರಡು, ಬದಲಿಗೆ ಬೇರೆ ಕಾರು. ಮೂರು, ಕಾರು ವಾಪಸ್ಸು, ದುಡ್ಡು ವಾಪಸ್ಸು. ಯಾವುದು ಬೇಕು?"

"ಬೇರೆ ಕಾರು" ಎಂದ ಇಲಾರಿಯೋನ್ ತಟ್ಟನೆ.

"ಆಗ್ಲಿ. ಸೋಮವಾರ ಇಬ್ಬರನ್ನೂ ಕೂರಿಸಿ ವಿಚಾರಣೆ ಮಾಡ್ತೀನಿ. ನೆಗ್ಗಿದ್ದು ಅವರ ಕೈಯಲ್ಲೇ ಅಂತ ನೀವು ತೋರಿಸ್ಬೇಕು. ಸಾಕ್ಷಿ ಯಾರಿದ್ದಾರೆ?"

"ರಿಬ್ಬನ್ ಗಂಟು ಇದೆ."

"ಗಂಟು ಮಾತಾಡುತ್ತಾ?" ಇರ್ಮಾ ಕನ್ನಡಕದ ಮೇಲಿಂದ ನೋಡಿದಳು. "ಇನ್ನೊಂದು ಮಾತು. ವಿಚಾರಣೆ ಮುಗಿಯೋ ತನಕ ಕಾರು ಓಡಿಸ್ಬೇಡಿ. ಓಡಿಸಿದ್ರೆ ಬಳಸಿದ ಹಾಗೆ. ಮುಖ್ಯವಾಗಿ, ಕೊಪಕಬಾನಾ ದೇವಾಲಯಕ್ಕೆ ಹೋಗಿ ಗಾಡಿಗೆ ಆಶೀರ್ವಾದ ಮಾಡಿಸ್ಬೇಡಿ. ಶಾಸ್ತ್ರಕ್ಕೆ ಚಕ್ರದ ಮೇಲೆ ಬಿಯರ್ ಸುರಿದ ಗಾಡೀನ ಯಾವ ಅಂಗಡಿಯವನು ವಾಪಸ್ ತಗೋತಾನೆ? ಹೆಸರಿಟ್ಟ ಮಗೂನ ಆಸ್ಪತ್ರೆಗೆ ವಾಪಸ್ ಕೊಟ್ಟ ಹಾಗೆ ಅದು."

ಇಲಾರಿಯೋನ್ ಮನೆಗೆ ಬಂದು ಇದನ್ನು ಹೇಳಿದಾಗ ಸಬೀನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಹೇಳ್ತಿದ್ದೀರಾ? ಭಾನುವಾರ ಆಶೀರ್ವಾದ. ಕೆರೆ ಕಡೆಯ ನೆಂಟರಿಗೆಲ್ಲ ಹೇಳಿ ಕಳಿಸಾಗಿದೆ. ಕುರಿ ಕೊಯ್ಯೋಕೆ ಮಾತಾಗಿದೆ. ಒಣ ಆಲೂಗಡ್ಡೆ ನೆನೆಹಾಕಾಗಿದೆ. ನೆನೆದಿದ್ದನ್ನ ನಿಮ್ಮ ಇರ್ಮಾ ಬಂದು ಮತ್ತೆ ಒಣಗಿಸ್ಕೊಡ್ತಾಳಾ?"

"ಕಾನೂನು ಹಾಗಿದೆ ಕಣೇ."

"ಕಾನೂನು ಓಡಿಸ್ಬೇಡ ಅನ್ನುತ್ತೆ. ಆಶೀರ್ವಾದ ಇಲ್ದೆ ನಾನೂ ಓಡಿಸೋಕ್ ಬಿಡಲ್ಲ. ಹಾಗಾದ್ರೆ ಕಾರು ತಂದಿದ್ದು ಯಾಕೆ? ಬಾಗಿಲಲ್ಲಿ ನಿಲ್ಸಿ ಒಳಗೆ ಕೋಳಿ ಸಾಕೋದಕ್ಕಾ?"

ಅಷ್ಟರಲ್ಲಿ ಕ್ರಿಸ್ಪಿನ್ ಬಂದ. ಹೊಸ ಗಾಡಿಗೆ ಒಬ್ಬ ಜ್ಞಾನತಂದೆ ಇರಲೇಬೇಕು. ಮಗುವಿನ ದೀಕ್ಷಾಸ್ನಾನಕ್ಕೆ ಹೇಗೋ ಹಾಗೆ. ಅವನು ಪಾದ್ರಿಯ ಮುಂದೆ ನಿಂತು ಮಾತು ಕೊಡಬೇಕು, ಗಾಡಿಯ ಕಷ್ಟಸುಖಕ್ಕೆ ಆಗಿಬರಬೇಕು. ಅವನೂ ಗಾಡಿಯ ಯಜಮಾನನೂ ಅಂದಿನಿಂದ ಒಬ್ಬರಿಗೊಬ್ಬರು 'ಕೊಂಪಾದ್ರೆ'. ಆ ನಂಟು ಬೀಗತನಕ್ಕಿಂತ ಒಂದು ಕೈ ಮೇಲು. ಕೊಂಪಾದ್ರೆಯ ಮೇಲೆ ದೂರು ಹೇಳಿದವನಿಗೆ ಬೀದಿಯಲ್ಲಿ ನೀರು ಕೂಡ ಹುಟ್ಟುವುದಿಲ್ಲ. ಇಲಾರಿಯೋನನ ಕಾರಿಗೆ ಕ್ರಿಸ್ಪಿನ್ ಜ್ಞಾನತಂದೆ ಎಂದು ಮೊದಲೇ ನಿಶ್ಚಯವಾಗಿತ್ತು.

"ನನ್ ಕೈಲಾಗಲ್ಲ ಭಾವ" ಎಂದ ಕ್ರಿಸ್ಪಿನ್. "ಮೊದಲ ದಿನವೇ ಪೆಟ್ಟು ತಿಂದ ಗಾಡಿಗೆ ಜ್ಞಾನತಂದೆಯಾದ್ರೆ ಜನ ಏನಂತಾರೆ? ಲಾರಿ ಬೇಕಾದ್ರೆ ಕೊಡ್ತೀನಿ, ಹೆಸರು ಕೊಡಲ್ಲ."

ಇಲಾರಿಯೋನ್ ತಲೆಯ ಮೇಲೆ ಕೈಹೊತ್ತು ಕುಳಿತ. ಮರುದಿನ ಸಬೀನಾ ಒಳ್ಳೆಯ ಶಾಲು ಹೊದ್ದು, ದುಂಡು ಟೋಪಿ ಇಟ್ಟು, ಒಂದು ಬುಟ್ಟಿ ತುಂಬ ಎಫ್ರಾಸಿಯಾಳ ಬಿಸಿ ಬ್ರೆಡ್ಡು ಹಿಡಿದು ಎಲ್ಲಿಗೋ ಹೋಗಿ ಮಧ್ಯಾಹ್ನ ಬಂದಳು. ಬುಟ್ಟಿ ಖಾಲಿಯಾಗಿತ್ತು.

"ಭಾನುವಾರ ಲಿಸೆನ್ಸಿಯಾದೋ ಪೆದ್ರಾಸಾ ಕೊಪಕಬಾನಾಕ್ಕೆ ಬರ್ತಾರೆ" ಎಂದಳು.

ಇಲಾರಿಯೋನ್ ಎದ್ದು ನಿಂತ. "ಕಾರು ನೋಡೋಕಾ?"

"ಮತ್ತೆ, ಕಣ್ಣು ಮುಚ್ಕೊಂಡ್ ಬರ್ತಾರಾ?"

ಸಬೀನಾ ಹೇಳಿದ್ದರಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಇಲಾರಿಯೋನನ ಮುಖ ಅರಳಿತು. ಇರ್ಮಾಳ ನೋಟೀಸಿಗೆ ಬೆದರಿ ಪೆದ್ರಾಸಾ ತಾವೇ ಬಂದು ನೆಗ್ಗನ್ನು ಪರೀಕ್ಷಿಸುವುದಾಗಿ ಒಪ್ಪಿದ್ದಾರೆಂದು ಅವನು ತಿಳಿದ. ಅತ್ತ ಪೆದ್ರಾಸಾ ಬೇರೆಯೇ ತಿಳಿದಿದ್ದರು. ಜ್ಞಾನತಂದೆಯಾಗು ಎಂದು ಮನೆಯಾಕೆ ಬ್ರೆಡ್ಡಿನ ಸಮೇತ ಬಂದು ಕೇಳಿದರೆ ಇಲ್ಲ ಎನ್ನುವುದುಂಟೇ? ಅದು ದೊಡ್ಡ ಅಪಶಕುನ. ಮೇಲಾಗಿ, ದೂರೂ ಕರೆಯೂ ಒಂದೇ ಮನೆಯಿಂದ ಬರಲಾರವು. ಆದ್ದರಿಂದ ದೂರು ಬಿದ್ದುಹೋಯಿತೆಂದು ಅವರು ನಿರುಮ್ಮಳವಾಗಿ ಎರಡು ಕ್ರೇಟು ಬಿಯರ್ ಕೊಂಡರು.

ಭಾನುವಾರ ಬಂತು. ಕಾರು ಓಡಬಾರದು, ಆದರೆ ಹೋಗಬೇಕು. ಇಲಾರಿಯೋನ್ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೂಡಿದ್ದ. ಕಾರನ್ನು ಹಲಗೆಯ ಮೇಲಿಂದ ಕ್ರಿಸ್ಪಿನನ ಲಾರಿಗೆ ಹತ್ತಿಸಿದರು. ಲಾರಿಯಲ್ಲಿ ಬೇರೆ ಜಾಗವಿಲ್ಲದ್ದರಿಂದ ಮುದುಕರು ಕಾರಿನೊಳಗೆ ಕುಳಿತರು. ಮಿಕ್ಕವರು ಕಾರಿನ ಸುತ್ತ ಕುಳಿತರು. ಕುರಿಯ ಮಾಂಸದ ಹಂಡೆ ಕಾರಿನ ಡಿಕ್ಕಿಯಲ್ಲಿ ಕುಳಿತಿತು. ಟಿಕೀನಾ ಎಂಬ ದೋಣಿಗಡವಿನಲ್ಲಿ ಕೆರೆ ದಾಟಲು ಲಾರಿಯನ್ನು ಮರದ ದೋಣಿಗೆ ಹತ್ತಿಸಿದಾಗ ದೋಣಿಯವನು ಬಹಳ ಹೊತ್ತು ನೋಡಿದ.

"ಇದೇನ್ ಸ್ವಾಮಿ, ದೋಣಿ ಮೇಲೆ ಲಾರಿ, ಲಾರಿ ಮೇಲೆ ಕಾರು, ಕಾರೊಳಗೆ ಅಜ್ಜಿ?"

"ಕಾನೂನು ಪ್ರಕಾರ" ಎಂದ ಇಲಾರಿಯೋನ್ ಗಂಭೀರವಾಗಿ.

ಕೊಪಕಬಾನಾದ ದೇವಾಲಯದ ಮುಂದೆ ಗಾಡಿಗಳ ಸಾಲು ಮೂಲೆ ತಿರುಗಿ ಮೀನಿನ ಅಂಗಡಿಗಳ ತನಕ ಹೋಗಿತ್ತು. ಕಾರನ್ನು ಕೆಳಗಿಳಿಸಿ, ಎಂಜಿನ್ ಚಾಲೂ ಮಾಡದೆ, ಆರು ಜನ ನೆಂಟರು ತಳ್ಳಿ ಸಾಲಿಗೆ ಸೇರಿಸಿದರು. ಸಬೀನಾ ಹೂವು ಏರಿಸುತ್ತ ಹೋದಳು. ಅವಳ ಹಿಂದೆಯೇ ಇಲಾರಿಯೋನ್ ಎಡಬಾಗಿಲಿನ ಹೂವು ಇಳಿಸುತ್ತ ಹೋದ. ಪರೀಕ್ಷೆಗೆ ಅನುಕೂಲವಾಗಲೆಂದು ನೆಗ್ಗಿನ ಸುತ್ತ ಕೆಂಪು ಸೀಮೆಸುಣ್ಣದ ಕಡ್ಡಿಯಿಂದ ಒಂದು ವೃತ್ತ ಬರೆದ, ಒಂದು ಬಾಣ ಎಳೆದ, ಪಕ್ಕದಲ್ಲಿ 'ಬರುವಾಗಲೇ ಇತ್ತು' ಎಂಬ ಚೀಟಿ ಅಂಟಿಸಿದ. ಹಿಂದಿನ ಗಾಡಿಯವನು ಬಂದು ನೋಡಿ, "ಚೆನ್ನಾಗಿದೆ, ಇದನ್ನ ಎಲ್ಲಿ ಮಾಡಿಸಿದ್ರಿ?" ಎಂದು ಕೇಳಿದ.

ಪೆದ್ರಾಸಾ ಬಂದರು. ಹೊಸ ಸೂಟು, ಹೆಗಲ ಮೇಲೆ ಒಂದು ಮಾರುದ್ದದ ಹೂಮಾಲೆ. ದೂರದಿಂದಲೇ ಕೈ ಚಾಚಿದರು.

"ಕೊಂಪಾದ್ರೆ!"

ಇಷ್ಟು ಸಲಿಗೆ ಇಲಾರಿಯೋನನಿಗೆ ಸಂಶಯ ಹುಟ್ಟಿಸಿತು. ಇದು ಸಾಕ್ಷಿಯನ್ನು ಮೆತ್ತಗೆ ಮಾಡುವ ಉಪಾಯವೆಂದುಕೊಂಡ. "ಬನ್ನಿ ಲಿಸೆನ್ಸಿಯಾದೋ. ಇಲ್ಲಿ ನೋಡಿ."

"ನೋಡೋದೇನು, ಚಿನ್ನದಂಥ ಗಾಡಿ!" ಎಂದು ಪೆದ್ರಾಸಾ ಮಾಲೆಯನ್ನು ಎಡಬಾಗಿಲಿನ ಮೇಲೆಯೇ ಹಾಕಿದರು. ಇಲಾರಿಯೋನ್ ಅದನ್ನು ಎತ್ತಿ ಬಲಬಾಗಿಲಿಗೆ ಹಾಕಿದ. ಪೆದ್ರಾಸಾ, ಪಾಪ, ಗಾಳಿಗೆ ಸರಿಯಿತೇನೋ ಎಂದು ತಿರುಗಿ ಎಡಕ್ಕೆ ತಂದರು. ಇಲಾರಿಯೋನ್ ಮತ್ತೆ ಎತ್ತಿದ. ಹೀಗೆ ಮಾಲೆ ನಾಲ್ಕು ಸಲ ಪ್ರಯಾಣ ಮಾಡಿತು. ನೆಂಟರು ಇದೂ ಶಾಸ್ತ್ರದ ಒಂದು ಭಾಗವೆಂದು ತಿಳಿದು ಪ್ರತಿ ಸಲವೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಪಾದ್ರಿ ಬಂದೇಬಿಟ್ಟರು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಇನ್ನೊಂದರಲ್ಲಿ ನೀರು ಚಿಮುಕಿಸುವ ಕುಂಚ.

"ಫಾದರ್, ನಿಲ್ಲಿ!" ಇಲಾರಿಯೋನ್ ಕೈಯಗಲಿಸಿ ಬಾಗಿಲಿಗೆ ಅಡ್ಡ ನಿಂತ. "ಈ ಬಾಗಿಲೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಆಶೀರ್ವಾದ ಮಾಡಿ!"

"ಯಾಕಪ್ಪಾ?"

"ಇದು ವಿಚಾರಣೆಯಲ್ಲಿದೆ."

ಪಾದ್ರಿ ಬಕೆಟ್ಟು ಕೆಳಗಿಟ್ಟರು. "ಮಗೂ, ಇಪ್ಪತ್ತೆರಡು ವರ್ಷದಿಂದ ನಾನು ಬಸ್ಸಿಗೆ ಮಾಡಿದ್ದೀನಿ, ಲಾರಿಗೆ ಮಾಡಿದ್ದೀನಿ, ಒಂದ್ಸಲ ಕಾಂಕ್ರೀಟ್ ಕಲೆಸೋ ಯಂತ್ರಕ್ಕೂ ಮಾಡಿದ್ದೀನಿ. ಬಿಡಿಭಾಗಕ್ಕೆ ಮಾಡಿಲ್ಲ. ನಿನ್ನ ಹಿಂದೆ ಹದಿನೇಳು ಗಾಡಿ ನಿಂತಿವೆ. ಜ್ಞಾನತಂದೆ ಯಾರು?"

"ನಾನು, ಫಾದರ್" ಎಂದು ಪೆದ್ರಾಸಾ ಮುಂದೆ ಬಂದರು.

ಇಲಾರಿಯೋನ್ ಹೆಂಡತಿಯ ಕಡೆ ನೋಡಿದ. ಹೆಂಡತಿ ಕೆರೆಯ ಕಡೆ ನೋಡಿದಳು. ಅವನ ಕೈಗಳು ತಾವಾಗಿಯೇ ಕೆಳಗಿಳಿದವು.

"ಈ ಗಾಡಿಯ ಕ್ಷೇಮಕ್ಕೂ ಈ ಮನೆಯವರ ಮಾನಕ್ಕೂ ಹೊಣೆಯಾಗಿ ನಿಲ್ತೀಯಾ?"

"ನಿಲ್ತೀನಿ!" ಎಂದು ಪೆದ್ರಾಸಾ ನಾಲ್ಕು ಗಾಡಿ ದೂರಕ್ಕೆ ಕೇಳುವಂತೆ ಕೂಗಿದರು. ನೀರು ಬಿತ್ತು, ಎಡಬಾಗಿಲಿನ ಮೇಲೆಯೇ ಒಂದು ಹಿಡಿ ಹೆಚ್ಚು ಬಿತ್ತು. ಕೆಂಪು ವೃತ್ತ ಕರಗಿ ಬಾಗಿಲಿನುದ್ದಕ್ಕೂ ಹರಿಯಿತು. ಪಟಾಕಿ ಸಿಡಿಯಿತು. ನಾಲ್ಕು ಚಕ್ರಗಳಿಗೂ ಬಿಯರ್ ಸುರಿದರು. ಮೊದಲ ಗುಟುಕು ಭೂತಾಯಿಗೆ, ಮಿಕ್ಕಿದ್ದು ಜ್ಞಾನತಂದೆಗೆ. ಭೂತಾಯಿ ಒಂದೇ ಗುಟುಕಿಗೆ ತೃಪ್ತಳಾದಳು. ಜ್ಞಾನತಂದೆ ಮೂರು ಬಾಟಲಿಯವರೆಗೂ ತೃಪ್ತರಾಗಲಿಲ್ಲ.

ಕುರಿಯ ಹಂಡೆ ತೆರೆದು ಎಲ್ಲರೂ ನೆಲದ ಮೇಲೆ ಕುಳಿತಾಗ ಕ್ರಿಸ್ಪಿನನಿಗೆ ಭಾವನನ್ನು ಇನ್ನೊಂದು ಸಲ ಚುಚ್ಚುವ ಆಸೆಯಾಯಿತು. "ಲಿಸೆನ್ಸಿಯಾದೋ, ನೀವೇ ಹೇಳಿ. ಕಾರು ಕೊಟ್ಟ ದಿನವೇ ನಮ್ಮ ಭಾವ ಎಲ್ಲೋ ಗುದ್ದಿ ತಂದ್ರು. ಇಂಥವರ ಗಾಡಿಗೆ ಜ್ಞಾನತಂದೆಯಾಗೋಕೆ ನಿಮಗೆ ನಾಚಿಕೆ ಆಗಲ್ವಾ?"

ಪೆದ್ರಾಸಾ ಮೂಳೆಯನ್ನು ತಟ್ಟೆಗೆ ಹಾಕಿ ಎದ್ದುನಿಂತರು. ಮಾನಕ್ಕೆ ಹೊಣೆ ಎಂದು ದೇವರ ಮುಂದೆ ಮಾತು ಕೊಟ್ಟು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅವರ ಕಣ್ಣು ತುಂಬಿತ್ತು.

"ಯಾರ್ರೀ ಅದು ನನ್ನ ಕೊಂಪಾದ್ರೆ ಗುದ್ದಿದ ಅಂದಿದ್ದು? ನಾಲಿಗೆ ಬಿಗಿ ಹಿಡಿದು ಮಾತಾಡಿ! ಅವನು ಒಂದು ಇರುವೆಗೂ ಗುದ್ದಿಲ್ಲ! ಅದು ನೆಗ್ಗಿದ್ದು ನಮ್ಮ ಅಂಗಳದಲ್ಲಿ. ಲಾರಿಯಿಂದ ಇಳಿಸುವಾಗ ಗೇಟಿನ ಕಂಬಕ್ಕೆ ತಗುಲಿತು. ನಾನೇ ನಿಂತು ನೋಡಿದ್ದೀನಿ! ರಿಬ್ಬನ್ ಗಂಟು ಅಂಟಿಸಿದ್ದೂ ನಾನೇ, ಇದೇ ಕೈಯಿಂದ!"

ಅವರು ಕೈ ಎತ್ತಿ ತೋರಿಸಿದರು. ನಲವತ್ತು ಜನ ಆ ಕೈಯನ್ನು ನೋಡಿದರು. ಕ್ರಿಸ್ಪಿನನ ಬಾಯಿ ತೆರೆದೇ ಇತ್ತು. ಇಲಾರಿಯೋನನ ಎದೆ ಅಷ್ಟಗಲ ಆಯಿತು. ಎಷ್ಟೋ ದಿನದ ಮೇಲೆ ಅವನು ಹೊಟ್ಟೆ ತುಂಬ ಉಸಿರೆಳೆದ.

"ಹಾಗಾದ್ರೆ" ಎಂದಳು ಎಫ್ರಾಸಿಯಾ, ಆಲೂಗಡ್ಡೆ ಸುಲಿಯುತ್ತ, "ದೊನ್ ಇಲಾರಿಯೋನ್ ಆ ಗಂಟು ಎತ್ತಿ ನೋಡ್ಲೇ ಇಲ್ಲ ಅನ್ನಿ."

ಎಳೆದ ಉಸಿರು ಹಾಗೆಯೇ ಹೊರಗೆ ಹೋಯಿತು.

ಸೋಮವಾರ ದೋನ್ಯ ಇರ್ಮಾಳ ಕಚೇರಿಗೆ ನಲವತ್ತು ಜನ ಸಾಕ್ಷಿಗಳೂ ಬಂದರು, ಏಕೆಂದರೆ ಲಾರಿ ಆ ದಾರಿಯಲ್ಲೇ ಹೋಗುತ್ತಿತ್ತು. ಇರ್ಮಾ ಪೆನ್ನು ತೆಗೆದಳು.

"ಎದುರು ಪಕ್ಷದವರಿಗೂ ನಿಮಗೂ ಏನಾದ್ರೂ ಸಂಬಂಧ?"

"ಕೊಂಪಾದ್ರೆ" ಎಂದರು ಇಬ್ಬರೂ ಒಟ್ಟಿಗೆ.

ಇರ್ಮಾ ಪೆನ್ನು ಕೆಳಗಿಟ್ಟಳು. "ಆಶೀರ್ವಾದ ಆಯ್ತಾ?"

"ಆಯ್ತು."

"ಬಿಯರ್?"

"ನಾಲ್ಕು ಚಕ್ರಕ್ಕೂ."

"ನಾನೇನ್ ಹೇಳಿದ್ದೆ ಸ್ವಾಮಿ ನಿಮಗೆ?" ಇರ್ಮಾ ಬಿಸಿ ನೀರಿನ ಚೀಲವನ್ನು ಕಾಲಿನಿಂದ ಆಚೆ ತಳ್ಳಿದಳು. "ಈಗ ಬೇರೆ ಕಾರು ತಗೋತೀರಾ?"

"ಹೆಸರಿಟ್ಟ ಮಗೂನ ಯಾರಾದ್ರೂ ಬದಲಾಯಿಸ್ಕೊಳ್ತಾರಾ?" ಎಂದಳು ಸಬೀನಾ. ಪೆದ್ರಾಸಾ ಕರವಸ್ತ್ರ ತೆಗೆದರು.

"ದುಡ್ಡು ವಾಪಸ್ಸು?"

"ಕೊಂಪಾದ್ರೆ ಹತ್ರ ದುಡ್ಡು ಕೇಳೋದಾ?" ಎಂದು ಇಲಾರಿಯೋನ್ ಹಲುಬಿದ.

"ರಿಪೇರಿ?"

"ಆಶೀರ್ವಾದ ಆಗಿರೋ ಬಾಗಿಲನ್ನ ಸುತ್ತಿಗೆ ತಗೊಂಡು ಬಡಿಯೋದಾ?" ಎಂದು ನೆಂಟರೆಲ್ಲ ಕೂಗಿದರು.

ಇರ್ಮಾ ಒಂದು ಹೊಸ ಹಾಳೆ ತೆಗೆದು, ಬದಲಿ ಕೊಡುವ ಎರಡನೆಯ ದಾರಿಯನ್ನೇ ಬರೆದಳು, 'ಒಂದು ಬಾಗಿಲಿನ ಮಟ್ಟಿಗೆ ಮಾತ್ರ' ಎಂದು ಸೇರಿಸಿದಳು. ಜ್ಞಾನತಂದೆ ತನ್ನ ಹೊಣೆಯ ಪ್ರಕಾರ ಹೊಸ ಬಾಗಿಲು ತರಿಸಿಕೊಡತಕ್ಕದ್ದು. ಇಲಾರಿಯೋನ್ ಆ ಹಾಳೆಯನ್ನು ಪೂರ್ತಿ ಓದಿದ. ಓದಿದ ಮೇಲೆ ಎತ್ತಿ ಅದರ ಕೆಳಗೇನಾದರೂ ಇದೆಯೇ ಎಂದೂ ನೋಡಿ ಸಹಿ ಹಾಕಿದ.

ಮೂರು ವಾರದ ಮೇಲೆ ಬಾಗಿಲು ಬಂತು, ಮರದ ಪೆಟ್ಟಿಗೆಯಲ್ಲಿ. ಬೀದಿಯ ಜನವೆಲ್ಲ ನೆರೆದರು. ಹೊಸ ಬಾಗಿಲಿಗೆ ಆಶೀರ್ವಾದ ಆಗಿಲ್ಲವಲ್ಲ, ಅದಕ್ಕೂ ಒಬ್ಬ ಜ್ಞಾನತಂದೆ ಬೇಕಲ್ಲ? ಕಾರಿಗೆ ಆಗದೆ ಹೋದ ಅವಮಾನಕ್ಕೆ ಕ್ರಿಸ್ಪಿನ್ ತಾನೇ ಬಾಗಿಲಿಗೆ ಆಗುತ್ತೇನೆಂದು ಹಟ ಹಿಡಿದಿದ್ದ. ಅವನು ಲಾರಿಯ ಕನ್ನಡಿಯಿಂದ ಬಿಚ್ಚಿದ ನೀಲಿ ರಿಬ್ಬನ್ ಗಂಟನ್ನು ಉಡುಗೊರೆಯಾಗಿ ಹಿಡಿದು ನಿಂತಿದ್ದ.

ಅಂಗಡಿಯ ಆಳು ರಸೀದಿ ಚಾಚಿದ. 'ಸುತ್ತಲೂ ಪರೀಕ್ಷಿಸಿ, ಯಾವ ದೋಷವೂ ಇಲ್ಲದೆ.'

"ನಿಲ್ಲು" ಎಂದ ಇಲಾರಿಯೋನ್.

ಕನ್ನಡಕ ಏರಿಸಿದ. ಅದರ ಮೇಲೆ ಭೂತಗನ್ನಡಿ ಹಿಡಿದ. ಬಾಗಿಲನ್ನು ಬಿಸಿಲಿಗೆ ಹಿಡಿಸಿ ನೋಡಿದ, ನೆರಳಿಗೆ ಒಯ್ದು ನೋಡಿದ, ಮಲಗಿಸಿ ನೋಡಿದ, ತಾನೇ ಮಲಗಿ ನೋಡಿದ. ಮುಕ್ಕಾಲು ಗಂಟೆಯಾಯಿತು. ಯಾರೂ ಕದಲಲಿಲ್ಲ. ಎಫ್ರಾಸಿಯಾ ಬ್ರೆಡ್ಡಿನ ಬುಟ್ಟಿ ಕೆಳಗಿಟ್ಟು ಪಕ್ಕದವಳಿಗೆ, "ನೋಡು, ಹೇಗ್ ನೋಡ್ತಾರೆ" ಎಂದಳು. ಇಲಾರಿಯೋನನಿಗೆ ಅದು ಕೇಳಿಸಿತು. ಅವನ ಮುಖಕ್ಕೆ ಹಳೆಯ ಕಳೆ ತಿರುಗಿ ಬಂತು.

ಬಾಗಿಲಿನ ಕೆಳತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಗೀರು ಇತ್ತು.

ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಗೀರು ಅಲ್ಲೇ ಇತ್ತು. ಅದನ್ನು ಹೇಳಿದರೆ ಏನಾಗುವುದೆಂದು ಅವನಿಗೆ ಒಂದೊಂದಾಗಿ ಕಾಣಿಸಿತು: ಇರ್ಮಾ, ಅವಳ ಮೂರು ದಾರಿ, ನೆನೆಹಾಕಿದ ಆಲೂಗಡ್ಡೆ, ಇನ್ನೊಂದು ಬಾಗಿಲು, ಅದಕ್ಕೊಬ್ಬ ಹೊಸ ಕೊಂಪಾದ್ರೆ.

"ಏನಾದ್ರೂ ಇದೆಯಾ ಭಾವ?" ಎಂದ ಕ್ರಿಸ್ಪಿನ್.

ಇಲಾರಿಯೋನ್ ಗೀರಿನ ಮೇಲೆ ಹೆಬ್ಬೆರಳು ಇಟ್ಟ. "ಏನೂ ಇಲ್ಲ" ಎಂದ. ಇನ್ನೊಂದು ಕೈಯಿಂದ ಸಹಿ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಎಫ್ರಾಸಿಯಾ ಮಡಿಲಿನಿಂದ ಮನೆ ಬಾಡಿಗೆಯ ಕರಾರು ತೆಗೆದು, ಸಂಜೆ ಬರಲೇ ಎಂದು ಕೇಳಿದಳು.

"ಬಾರಮ್ಮ, ಧಾರಾಳವಾಗಿ ಬಾ" ಎಂದ ಇಲಾರಿಯೋನ್, ಹೆಬ್ಬೆರಳು ತೆಗೆಯದೆ. ಆಮೇಲೆ ಕ್ರಿಸ್ಪಿನನ ಕಡೆ ತಿರುಗಿ ಕೈ ಚಾಚಿದ.

"ಆ ರಿಬ್ಬನ್ ಗಂಟು ಕೊಡು ಇಲ್ಲಿ. ನಾನೇ ಅಂಟಿಸ್ತೀನಿ."